ಪಿಂಚಣಿ ಕಚೇರಿಯ ಕೆಮ್ಮು

ಆಯುಷ್ಯ ಮುಗಿಯುತ್ತ ಬಂದವರ ಕಾರ್ಡು ಇಟ್ಟರೆ ಜೆರಾಕ್ಸ್ ಯಂತ್ರ ಕೆಮ್ಮುತ್ತದೆ; ಪಿಂಚಣಿ ಕಚೇರಿಯಲ್ಲಿ ಅದಕ್ಕೆ ಯಾರೂ ತಲೆಯೆತ್ತುವುದಿಲ್ಲ. ಆದರೆ ಅಂದು ಅದು ಎಲ್ಲರ ಕಾರ್ಡಿಗೂ ಕೆಮ್ಮತೊಡಗಿದ್ದರಿಂದ ಕ್ಲರ್ಕ್ ಅನಸೂಯಾ ಮೆಕ್ಯಾನಿಕ್ ವೀರಭದ್ರನನ್ನು ಕರೆಸಿದಳು.

‘ಗೇರಿನ ಹಲ್ಲು ಸವದಾವ್ರಿ ಅಕ್ಕಾರ. ಸುಮ್ಮಸುಮ್ಮನ ಕೆಮ್ಮಾಕತ್ತೈತಿ,’ ಎಂದು ಅವನು ಹೊಸ ಗೇರು ಹಾಕಿದ. ಪರೀಕ್ಷೆಗೆ ಎಂದಿನಂತೆ ತನ್ನದೇ ಆಧಾರ್ ಕಾರ್ಡು ಇಟ್ಟ. ಯಂತ್ರ ಕೆಮ್ಮಿತು.

‘ಇನ್ನೂ ಹೋಗಿಲ್ರಿ,’ ಎಂದು ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡ.

‘ತಡೀರಿ, ನಂದೊಮ್ಮೆ ಇಟ್ಟು ನೋಡೂಣು,’ ಎಂದಳು ಅನಸೂಯಾ. ಅವಳ ಕಾರ್ಡಿಗೆ ಯಂತ್ರ ಕೆಮ್ಮಲಿಲ್ಲ. ಪಕ್ಕದ ಮೇಜಿನವರ ಕಾರ್ಡಿಗೂ ಇಲ್ಲ.

ವೀರಭದ್ರ ತನ್ನದನ್ನು ಇನ್ನೊಮ್ಮೆ ಇಟ್ಟ. ಕೆಮ್ಮಿತು.

ಅನಸೂಯಾ ಕಿಟಕಿಯ ಕಡೆ ತಿರುಗಿಕೊಂಡಳು. ಅವನು ಸ್ಕ್ರೂಡ್ರೈವರನ್ನು ಒರೆಸಿ ಚೀಲಕ್ಕೆ ಹಾಕಿದ.

‘ಮಷೀನ್ ರಿಪೇರಿ ಆತ್ರಿ,’ ಎಂದ.