ತಿಕ್ಕಿ ತೊಳೆದ ಪಾತ್ರೆ

ಉಚ್ಚಮ್ಮ ಬಿಸಿಲೊಲೆಯ ಗಾಜು ಎತ್ತಿ, ಪಾತ್ರೆಯೊಳಗಿನ ಒಂದು ಶೇಂಗಾ ಸುಲಿದು, ಸೇತುಮಾಧವರಾಯರ ಎದುರಿಗೇ ಹಲ್ಲಿಗೆ ಹಾಕಿದಳು. ಕರ್ ಎಂದಿತು. ಹಸಿ! “ಅನ್ಕೊಂಡಿದ್ದೆ ಸಾರೂ, ಇದು ಮೋಸ ಅಂತ. ಕಟ್ಟಿಗಿ ಬ್ಯಾಡ, ಸೂರ್ಯನೇ ಕುದಸ್ತಾನ ಅಂದ್ರಿ. ನಿಮ್ಮ ಮಾತು ಕೇಳಿ ಇವತ್ತು ಒಲಿ ಹಚ್ಚಿಲ್ಲ. ನಾಕು ಗಂಟಿ ಬಸ್ಸಿಗೆ ಏನು ಮಾರ್ಲಿ?”

ಗೋನೆಗಂಡ್ಲದ ಬಸ್‌ಸ್ಟ್ಯಾಂಡಿನಲ್ಲಿ ಕುದಿಸಿದ ಶೇಂಗಾ ಮಾರುವ ಅವಳಿಗೆ ಆ ಕನ್ನಡಿ ಮುಚ್ಚಳದ ಬಿಸಿಲೊಲೆಯನ್ನು, ಅದರ ಪಾತ್ರೆ ಸಮೇತ, ತಂದುಕೊಟ್ಟವರು ಬ್ಲಾಕ್ ಆಫೀಸಿನ ಈ ರಾಯರೇ. ಪುಕ್ಕಟೆ ಕೊಟ್ಟಾಗಲೇ ಅವಳಿಗೆ ಅನುಮಾನ ಬಂದಿತ್ತು. ಸರ್ಕಾರ ಯಾವತ್ತು ಏನನ್ನು ಸುಮ್ಮನೆ ಕೊಟ್ಟಿದೆ?

ರಾಯರು ಕನ್ನಡಿ ನೋಡಿದರು, ಗಾಜು ನೋಡಿದರು. ಎರಡೂ ನೆಟ್ಟಗಿದ್ದವು. ಆಮೇಲೆ ಪಾತ್ರೆ ನೋಡಿದರು. ಅದು ಬೆಳ್ಳಿಯ ಹಾಗೆ ಫಳಫಳ ಹೊಳೆಯುತ್ತಿತ್ತು. “ಉಚ್ಚಮ್ಮಾ, ಇದರ ಕಪ್ಪು ಬಣ್ಣ ಏನಾತು?”

“ಬಣ್ಣ ಅಂತ ಬಣ್ಣ! ಯಾರದೋ ಮನಿ ಮಸಿ ಹಿಡಿದ ಪಾತ್ರಿ ಹೊಸಾದು ಅಂತ ಕೊಟ್ರ ನನಗ ತಿಳಿಯಂಗಿಲ್ಲೇನು? ಬೂದಿ, ಉಸುಕು ಹಾಕಿ ಮೂರು ದಿನ ತಿಕ್ಕೀನಿ. ಮಸಿ ಪಾತ್ರ್ಯಾಗ ಕುದಿಸಿದ್ದು ಮಂದಿ ತಿಂತಾರೇನು?”

“ಬಿಸಲು ಹೀರೂದೇ ಆ ಕಪ್ಪು ಬಣ್ಣ, ಅವ್ವಾ,” ಎಂದರು ರಾಯರು ತಣ್ಣಗೆ. “ಹೊಳಿಯೋ ಪಾತ್ರಿ ಬಂದ ಬಿಸಲನ್ನ ಹಂಗೇ ವಾಪಸ್ ಕಳಸ್ತದ.”

ಉಚ್ಚಮ್ಮ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಗಳಲ್ಲಿ ಆ ಕಪ್ಪು ಇನ್ನೂ ಉಳಿದಿತ್ತು. ರಾಯರು ನೋಡುವ ಮೊದಲೇ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.