ಕೊಡಲಿ, ಒನಕೆ, ಪೊರಕೆ

ವಿಬಿಯಸ್ ಹೊಸ್ತಿಲಿಗೆ ಕೊಡಲಿಯ ಏಟು ಹಾಕಿದ. ಅವನ ಭಾವಮೈದುನ ಒನಕೆಯಿಂದ ಕುಟ್ಟಿದ. ಪಕ್ಕದ ಮನೆಯ ಮುದುಕ ಓಪಿಟರ್ ಪೊರಕೆ ಹಿಡಿದು ಗುಡಿಸತೊಡಗಿದ. ಹಸುಗೂಸಿರುವ ಮನೆಗೆ ಕಾಡಿನ ದೇವರು ಸಿಲ್ವಾನಸ್ ನುಗ್ಗಬಾರದಲ್ಲ.

"ಮೂಲೆಮೂಲೆ ಗುಡಿಸಜ್ಜ, ಮನೇಲಿ ಅಜ್ಜಿ ಕಲಿಸಿಲ್ವಾ?" ಭಾವಮೈದುನ ಕಿಚಾಯಿಸಿದ.

"ಬಾಯ್ಮುಚ್ಚೋ! ಪೊರಕೆ ತಾಯಿ ದೆವೆರ್ರಾ ಕಾವಲಿಗೆ ಕೂತಾಯ್ತು. ಇನ್ನು ಕಾಡಿನ ಕಡೆಯಿಂದ ಒಂದು ನರಪಿಳ್ಳೆನೂ ಈ ಹೊಸ್ತಿಲು ದಾಟಲ್ಲ."

ಹುಟ್ಟಿದಾಗಿನಿಂದ ಒಂದೇ ಸಮನೆ ಅಳುತ್ತಿದ್ದ ಕೂಸು ಒಳಗೆ ಥಟ್ಟನೆ ಸುಮ್ಮನಾಯಿತು.

"ರೀ, ಬನ್ನಿ ಬೇಗ! ಬೆಳಿಗ್ಗೆ ಹುಟ್ಟಿದ್ದು, ಆಗಲೇ ನನ್ನ ಮುಖ ನೋಡ್ಕೊಂಡು ನಗ್ತಿದೆ!" ಬಾಣಂತಿ ಕೂಗಿದಳು.

ವಿಬಿಯಸ್ ಹಿಗ್ಗಿನಿಂದ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟ. ಅಷ್ಟರಲ್ಲಿ ಮುದುಕನ ಪೊರಕೆ ನಿಂತಿತು. ಬೆನ್ನ ಹಿಂದೆ, ಪೈನ್ ಮರಗಳ ಮುಸ್ಸಂಜೆಗತ್ತಲಿನಿಂದ, ಬೆಳಗಿನಿಂದ ಕೇಳಿದ್ದ ಅದೇ ಅಳು ಕೇಳಿಸಿತು.