ಮದುವೆಗೆ ಮುಂಚೆ ಒಂದು ವಿಚಾರಣೆ

ಮಾಜಿ ಸೈನಿಕರ ಕಚೇರಿಯ ಗುಮಾಸ್ತ ಬೆಳ್ಯಪ್ಪ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಸರಿಯಾಗಿ, ಅರವತ್ತು ದಾಟಿದ ಹೆಂಗಸೊಬ್ಬಳು ಕಿಟಕಿಯ ಮುಂದೆ ಬಂದು ನಿಂತಳು.

“ಮಿಲಿಟರಿ ಪಿಂಚಣಿ ತಗೊಳ್ಳೋರು ತೀರಿಕೊಂಡ್ರೆ, ಕಟ್ಟಿಕೊಂಡೋರಿಗೆ ಏನಾದ್ರೂ ಸಿಗುತ್ತಾ?”

“ಕುಟುಂಬ ಪಿಂಚಣಿ ಸಿಗುತ್ತಮ್ಮ.”

“ನಿವೃತ್ತಿ ಆದ ಮೇಲೆ ಮದುವೆ ಆಗಿದ್ರೂ?”

“ಆಗಿದ್ರೂ ಸಿಗುತ್ತೆ. ಮದುವೆ ನೋಂದಣಿ ಮಾಡಿಸಿ, ಹೆಸರು ಸೇರಿಸಬೇಕು ಅಷ್ಟೆ.”

“ಮದುವೆಯಾದ ಮರುವಾರವೇ ಜೀವ ಹೋದ್ರೆ?”

ಬೆಳ್ಯಪ್ಪ ಡಬ್ಬಿ ಮುಚ್ಚಿದ. ಯಾವ ಮುದಿ ಸುಬೇದಾರನ ಗ್ರಹಚಾರವೋ ಅನ್ನಿಸಿತು ಅವನಿಗೆ.

“ತಪ್ಪು ತಿಳೀಬೇಡಿ ಅಮ್ಮಾ. ದೇಶಕ್ಕೆ ದುಡಿದ ಜೀವ ಅದು. ಪಿಂಚಣಿ ಆಸೆಗೆ ಈ ವಯಸ್ಸಲ್ಲಿ ಗಂಟು ಬೀಳೋದು ನ್ಯಾಯವಾ?”

“ಇದನ್ನೇ ಸ್ವಲ್ಪ ಗಟ್ಟಿಯಾಗಿ ಹೇಳಿ. ಹೊರಗೆ ಬೆಂಚಿನ ಮೇಲೆ ಮೀಸೆ ತಿರುವುತ್ತಾ ಕೂತಿದ್ದಾರಲ್ಲ, ಮದುವೆ ಮದುವೆ ಅಂತ ಮೂರು ತಿಂಗಳಿಂದ ದುಂಬಾಲು ಬಿದ್ದಿರೋರು, ಅವರಿಗೂ ಕೇಳಿಸಲಿ,” ಎನ್ನುತ್ತಾ ಆಕೆ ತನ್ನ ಗುರುತಿನ ಚೀಟಿಯನ್ನು ಕಿಟಕಿಯೊಳಗೆ ಸರಿಸಿದಳು. “ಮಿಲಿಟರಿ ಆಸ್ಪತ್ರೇಲಿ ಇಪ್ಪತ್ತೆಂಟು ವರ್ಷ ನರ್ಸಾಗಿ ದುಡಿದು, ಮೇಜರಾಗಿ ನಿವೃತ್ತಿಯಾದವಳು ನಾನು.”